ಟ್ರಂಕಿನಲ್ಲಿರುವ ಬಟ್ಟೆ, ಪುಸ್ತಕದಲ್ಲಿರುವ ಸಾಲ

(ಮಹಿಳಾ ಒಕ್ಕೂಟದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಿಗ್ಗೆ ಬಸ್ಸು ಹಿಡಿದು ಬಂದಿದ್ದೀರಿ. ಮೂರೂವರೆ ಬಸ್ಸಿಗೆ ಹೊರಡಲೇಬೇಕು, ಇಲ್ಲದಿದ್ದರೆ ರಾತ್ರಿ ಅಡಿಗೆಗೆ ತಡ ಎಂಬುದೂ ನಮಗೆ ಗೊತ್ತು. ಅದಕ್ಕೆ ನೇರ ವಿಷಯಕ್ಕೆ ಬರುತ್ತೇವೆ.

ಕಳೆದ ತಿಂಗಳು ಕೆಲವು ಸಂಘಗಳ ಸಾಲದ ಪುಸ್ತಕ ತಿರುವಿ ನೋಡಿದೆವು. ಸಾಲದ ಉದ್ದೇಶ ಬರೆಯುವ ಜಾಗದಲ್ಲಿ ಬೀಜ-ಗೊಬ್ಬರ, ಆಸ್ಪತ್ರೆ, ಶಾಲೆ ಖರ್ಚು ಇದ್ದ ಹಾಗೆಯೇ 'ಹಬ್ಬದ ಬಟ್ಟೆ' ಅಂತಲೂ ಇತ್ತು. ಕೆಲವರು 'ಮನೆ ಖರ್ಚು' ಅಂತ ಬರೆಸಿದ್ದರು. ವಿಚಾರಿಸಿದರೆ ಅದೂ ಬಟ್ಟೆಯೇ! ಬೈಯಲಿಕ್ಕೆ ನಾವು ಬಂದಿಲ್ಲ. "ಓಣಿ ಹುಡುಗರೆಲ್ಲಾ ಹೊಸಾದು ಹಾಕ್ಕೊಂಡಾಗ ನಮ್ಮ ಹುಡುಗಿ ಬಾಗಲಾ ಹಿಂದ ನಿಂತ್ರ ಕರುಳು ಚುರ್ ಅಂತದ್ರಿ ಸಿಸ್ಟರ್" ಎಂದು ಒಬ್ಬ ತಾಯಿ ಹೇಳಿದಳು. ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆದರೆ ಲೆಕ್ಕ ಲೆಕ್ಕವೇ. ಸಂಘದಿಂದ 5,000 ರೂಪಾಯಿ ತೆಗೆದು, ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ ಕೊಟ್ಟು, ತಿಂಗಳಿಗೆ 500 ಅಸಲು ಕಟ್ಟುತ್ತಾ ಹೋದರೆ 10 ತಿಂಗಳಿಗೆ ಬಡ್ಡಿ 550 ರೂಪಾಯಿ. ಅದಾದರೂ ನಮ್ಮ ಸಂಘದಲ್ಲೇ ಉಳಿಯುತ್ತದೆ. ಅದೇ ಹಣವನ್ನು ಹೊರಗೆ ನೂರಕ್ಕೆ ಐದರಂತೆ ತಂದು 10 ತಿಂಗಳು ಬರೀ ಬಡ್ಡಿ ಕಟ್ಟಿದರೆ 2,500 ಹೋಯಿತು, ಅಸಲು ಕೂತಲ್ಲೇ ಕೂತಿದೆ. ಮನೆ ಬಾಗಿಲಿಗೆ ಬಂದು ಕಂತಿನ ಮೇಲೆ ಸೀರೆ ಕೊಡುವವರದ್ದೂ ಹೀಗೇ. "ತಿಂಗಳಿಗೆ ಬರೇ 200 ರೂಪಾಯಿ ಅಕ್ಕಾ" ಎನ್ನುತ್ತಾರೆ. 12 ಕಂತು ಕೂಡಿಸಿದರೆ 2,400 ಆಗುತ್ತದೆ ಅಂತ ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಪೇಟೆಯಲ್ಲಿ ಅದೇ ಸೀರೆಗೆ ಎಷ್ಟು ಅಂತ ಒಮ್ಮೆ ವಿಚಾರಿಸಿ ಆಮೇಲೆ ಕೈ ಚಾಚಿ.

ನಾವು ಒಂದೇ ಬಣ್ಣದ ಸೀರೆ ಉಡುವವರು, ನಮಗೇನು ಗೊತ್ತು ಫ್ಯಾಶನ್ ಅಂತ ನೀವು ಒಳಗೊಳಗೇ ನಗುತ್ತಿರಬಹುದು. ನಗಿ. ಆದರೂ ಬಟ್ಟೆ ಆರಿಸುವುದು ನಮಗೂ ಸ್ವಲ್ಪ ಬರುತ್ತದೆ. ಕಟ್‌ಪೀಸ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಒಳ್ಳೆ ಬಟ್ಟೆ ಸಿಗುತ್ತದೆ, ಆದರೆ ಅಲ್ಲಿ ಎಲ್ಲವನ್ನೂ 'ಪ್ಯೂರ್ ಕಾಟನ್' ಅಂತಲೇ ಕೊಡುತ್ತಾರೆ. ಅಂಚಿನಿಂದ ಎರಡು ಎಳೆ ಬಿಡಿಸಿಕೊಂಡು, ಮನೆಯ ಹೊರಗೆ, ನೀರು ಹಾಕಿದ ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಸ್ಟರ್ ಆದರೆ ಕರಗಿ ಗಟ್ಟಿ ಮಣಿಯಂತೆ ಆಗುತ್ತದೆ. ಅದು ಮೈಮೇಲೆ ಕರಗಿದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಹೇಳುವುದು, ಸೌದೆ ಒಲೆ ಮುಂದೆ ಕೂರುವಾಗ, ದೀಪಾವಳಿಯಲ್ಲಿ ಪಟಾಕಿ ಹಚ್ಚುವಾಗ ಮಕ್ಕಳಿಗೆ ಆ ಮಿಂಚುವ ಜಾಲರಿ ಫ್ರಾಕು ಬೇಡ. ಹತ್ತಿಗೂ ಬೆಂಕಿ ಹತ್ತುತ್ತದೆ, ಸಡಿಲ ಸೆರಗು ಯಾವ ಬಟ್ಟೆಯದ್ದಾದರೂ ಅಪಾಯವೇ. ಆದರೆ ಕರಗಿ ಅಂಟುವ ಗಾಯ ಬೇರೆಯೇ.

ಇನ್ನು ನಿಮ್ಮ ಟ್ರಂಕು ತೆಗೆಯಿರಿ. ಉಡಿ ತುಂಬಿದಾಗ ಬಂದ ಜಂಪರ್ ಪೀಸುಗಳು ಎಷ್ಟಿವೆ? ನಾವು ಕೊಟ್ಟಿದ್ದೇ ನಾಲ್ಕು ಮನೆ ಸುತ್ತಿ ನಮಗೇ ವಾಪಸ್ ಬರುವುದೂ ಉಂಟು! ಹೊಂದುವ ಬಣ್ಣದ ಎರಡು ಪೀಸು ಸೇರಿಸಿದರೆ ಎರಡು-ಮೂರು ವರ್ಷದ ಮಗುವಿಗೆ ಒಂದು ಫ್ರಾಕು ಆಗುತ್ತದೆ. ಗುಳೇದಗುಡ್ಡದ ಖಣವಿದ್ದರೆ ಅದನ್ನು ಎದೆಭಾಗಕ್ಕೆ ಇಟ್ಟು, ಕೆಳಗೆ ಸಾದಾ ಹತ್ತಿ ಬಟ್ಟೆ ಹಾಕಿ. ಅಂಗಡಿಯವರು ಅದನ್ನೇ ದೊಡ್ಡ ಬೆಲೆಗೆ ಮಾರುತ್ತಿದ್ದಾರೆ. ಉಳಿದ ಚೂರನ್ನು ಹಳೆ ಪ್ಲಾಸ್ಟಿಕ್ ಬಳೆಗೆ ಅಂಟು ಹಚ್ಚಿ ಬಿಗಿಯಾಗಿ ಸುತ್ತಿದರೆ ಫ್ರಾಕಿಗೆ ಜೋಡಿ ಬಳೆ ತಯಾರು. ಇದನ್ನು ಮಕ್ಕಳೇ ಮಾಡಲಿ, ತಾವು ಮಾಡಿದ್ದನ್ನು ಅವರು ಬೇಡ ಅನ್ನುವುದಿಲ್ಲ.

ಶಾಲೆಯ ಯೂನಿಫಾರ್ಮ್ ಹೊಲಿಸುವಾಗ ಲಂಗದ ಕೆಳಗೆ ಎರಡು-ಮೂರು ಇಂಚು ಮಡಿಕೆ ಬಿಡಲು ಟೈಲರಿಗೆ ಬಾಯಿ ಬಿಟ್ಟು ಹೇಳಿ. ಜೂನ್ ಬಂದಾಗ ಬಿಚ್ಚಿ ಉದ್ದ ಮಾಡಬಹುದು.

ಹಳೆ ಸೀರೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಯಿತು. ಸಂತೆಯಲ್ಲಿ ಇನ್ನೂ ಕಾಣುತ್ತದೆ, ಅದು ಬೇರೆ ಮಾತು. ಸೀರೆಯ ಉದ್ದ ಐದೂವರೆ ಮೀಟರ್, ಅಗಲ ಸುಮಾರು 45 ಇಂಚು. ಅಗಲದಲ್ಲಿ 36 ಇಂಚು, ಉದ್ದದಲ್ಲಿ 16 ಇಂಚಿನ ತುಂಡುಗಳಾಗಿ ಕತ್ತರಿಸಿ ನಡುವೆ ಮಡಚಿ ಹೊಲಿದರೆ 13 ಚೀಲ. ಪಕ್ಕದಲ್ಲಿ ಉಳಿಯುವ 9 ಇಂಚಿನ ಪಟ್ಟಿಯಲ್ಲೇ ಹಿಡಿಕೆಗಳು ಬರುತ್ತವೆ. ಬಟ್ಟೆ ತೆಳುವಾಗಿದ್ದರೆ ಎರಡು ಪದರ ಹಾಕಬೇಕು, ಆಗ 6 ಚೀಲ. ಅಕ್ಕಿ ತುಂಬಿ ಎತ್ತಿ ನೋಡದೆ ಯಾರಿಗೂ ಮಾರಬೇಡಿ.

ಕೌದಿ ನಿಮಗೆ ಹೇಳಿಕೊಡುವಷ್ಟು ನಾವು ಜಾಣರಲ್ಲ. ನಿಮ್ಮ ಅವ್ವ, ಅಜ್ಜಿಯರ ಕೈಕೆಲಸ ಅದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಅಕ್ಕಂದಿರು ಕವಂದಿ ಹೊಲಿಯುವುದನ್ನು ನೋಡಿ. ಹಳೆ ಸೀರೆಯನ್ನು ನೆಲದ ಮೇಲೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಚೂರುಗಳನ್ನು ಇಡುತ್ತಾ, ಅಂಚಿನಗುಂಟ ಸುತ್ತು ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಕಡೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ 'ಫೂಲ್' ಇಡುತ್ತಾರೆ. ಅದಿಲ್ಲದಿದ್ದರೆ ಕವಂದಿ ಬತ್ತಲೆ ಎಂಬುದು ಅವರ ಮಾತು. ನಕ್ಷೆ ಕಾಗದದಲ್ಲಿಲ್ಲ, ಎಲ್ಲಾ ಕಣ್ಣಳತೆ. ಅವರ ಕವಂದಿಗಳು ವಿದೇಶದ ಪ್ರದರ್ಶನಗಳಿಗೂ ಹೋಗಿ ಬಂದಿವೆ.

ಇಲ್ಲಿ ನಮ್ಮದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಂಘಕ್ಕೆ ಕೌದಿಯ ಆರ್ಡರ್ ಬಂತು. ಬಣ್ಣ ಎದ್ದು ಕಾಣಲಿ ಅಂತ ನಾವೇ ಪೇಟೆಯಿಂದ ಅಗ್ಗದ ಕೆಂಪು ಬಟ್ಟೆ ತಂದುಕೊಟ್ಟೆವು. ಹೊಲಿದಿದ್ದು ಬಲು ಚಂದ. ಮೊದಲ ಒಗೆತಕ್ಕೇ ಕೆಂಪು ಬಿಟ್ಟು ಬಿಳಿಯೆಲ್ಲಾ ಗುಲಾಬಿಯಾಯಿತು. ತೆಗೆದುಕೊಂಡವರು ವಾಪಸ್ ತಂದರು. ಮುಂಗಡ ಹಿಂತಿರುಗಿಸಬೇಕಾಯಿತು, ಹೊಲಿದವರ ಕೂಲಿ ನಿಂತಿತು. ಸಭೆಯಲ್ಲಿ ಒಬ್ಬ ಅಕ್ಕ ಎದ್ದು, "ಬಟ್ಟೆ ತಂದವರು ನೀವು ಸಿಸ್ಟರ್, ಬೆರಳಿಗೆ ಸೂಜಿ ಚುಚ್ಚಿಸಿಕೊಂಡವ್ರು ನಾವು" ಎಂದಳು. ಅವಳ ಮಾತು ಸರಿಯಾಗಿತ್ತು. ಕೂಲಿಯನ್ನು ನಾವೇ ಕೊಟ್ಟೆವು, ಆದರೆ ಕೊಡಲು ಎರಡು ತಿಂಗಳಾಯಿತು. ಆ ಎರಡು ತಿಂಗಳು ಅವಳು ಸಂಘಕ್ಕೆ ಬರಲಿಲ್ಲ.

ಆಗಿನಿಂದ ಕತ್ತರಿ ಹಾಕುವ ಮೊದಲು ಎಲ್ಲಾ ಹೊಸ ಬಟ್ಟೆಯನ್ನು ಒಗೆಯುತ್ತೇವೆ. ಹತ್ತಿ ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತೇವೆ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬಣ್ಣ ಹಾಕುವಾಗ ಕೆಲವು ಬಣ್ಣಗಳಿಗೆ ಉಪ್ಪು ಬೇಕು ನಿಜ, ಆದರೆ ಸರಿಯಾಗಿ ಕೂರದ ಬಣ್ಣವನ್ನು ಆಮೇಲೆ ಉಪ್ಪು ಹಿಡಿದಿಡುವುದಿಲ್ಲ. ಅಂಥ ಬಟ್ಟೆ ಕೌದಿಗೆ ಬೇಡವೇ ಬೇಡ.

ಬೆಲೆಯ ಮಾತು. "ಹಳೀ ಬಟ್ಟಿ ಅಲ್ರಿ, ಅದಕ್ಕೇನು ರೊಕ್ಕ ಕೇಳೂದು?" ಅಂತ ನಾಚಿಕೊಂಡು ನೂಲಿನ ದುಡ್ಡಿಗೇ ಕೌದಿ ಕೊಟ್ಟವರು ಇಲ್ಲೇ ಕೂತಿದ್ದೀರಿ. ಬಟ್ಟೆ ಹಳೆಯದು, ನಿಮ್ಮ ಕೈ, ನಿಮ್ಮ ಕಣ್ಣು ಹಳೆಯದಲ್ಲ. ಹೊಲಿಯಲು ಕೂತ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗಂಟೆ ಬರೆಯಿರಿ. 60 ಗಂಟೆಯಾದರೆ, ಎಂಟು ಗಂಟೆಗೆ ಒಂದು ದಿನದಂತೆ ಏಳೂವರೆ ದಿನದ ಕೂಲಿ. ನಿಮ್ಮೂರಲ್ಲಿ ಹೊಲದ ಕೂಲಿ ಎಷ್ಟಿದೆಯೋ ಅಷ್ಟರಿಂದ ಗುಣಿಸಿ, ನೂಲು-ಸೂಜಿ ಖರ್ಚು ಕೂಡಿಸಿ. ಅಷ್ಟು ಕೊಡುವವರು ಸಿಗದಿದ್ದರೆ ಮನೆಯಲ್ಲೇ ಹೊದ್ದುಕೊಳ್ಳಿ, ಚಳಿಗಾಲಕ್ಕೆ ಹೊಸ ಕಂಬಳಿಯ ಸಾಲ ತಪ್ಪಿತಲ್ಲ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಒಗೆದ ಹಳೆ ಹತ್ತಿ ಸೀರೆ ಒಂದು, ಎರಡು ಜಂಪರ್ ಪೀಸು, ಒಂದು ದಪ್ಪ ಸೂಜಿ ತನ್ನಿ. ಕತ್ತರಿ, ಟೇಪು, ನೂಲು ಒಕ್ಕೂಟದಿಂದ ಇರುತ್ತದೆ. ಆವತ್ತು ಮಾತು ಕಡಿಮೆ, ಕತ್ತರಿಸುವ ಕೆಲಸ ಹೆಚ್ಚು. ಎರಡು ತಿಂಗಳು ಬಾರದೆ ಇದ್ದಳು ಅಂತ ಹೇಳಿದೆವಲ್ಲ, ಕೌದಿ ಹೊಲಿಗೆಯನ್ನು ಆ ಅಕ್ಕನೇ ಹೇಳಿಕೊಡಲು ಒಪ್ಪಿದ್ದಾಳೆ. ಈಗ ಚಹಾ ಬಂದಿದೆ, ಕುಡಿದು ಹೊರಡಿ, ಬಸ್ಸು ತಪ್ಪೀತು.