ರಾವಣನ ಕೈಗೆ ಸಿಕ್ಕ ಕುಂತಿ

ಹಳೆಯ ನಾಟಕಗಳನ್ನು ಇಂದಿನವರಿಗೆ ಹತ್ತಿರ ಮಾಡುವಲ್ಲಿ ಹಾಸ್ಯದ ಪಾತ್ರವೇನು ಎಂದು ಮಾತಾಡಲು ಸಂಘದವರು ಹೇಳಿದ್ದಾರೆ. ಅಷ್ಟನ್ನೂ ಮುಕ್ಕಾಲು ಗಂಟೆಯಲ್ಲಿ ಹೇಳುವ ಶಕ್ತಿ ನನಗಿಲ್ಲ, ಕೇಳಬೇಕಾದಂಥ ಪಾಪ ನೀವೂ ಮಾಡಿಲ್ಲ. ಶೂದ್ರಕನ ಮೃಚ್ಛಕಟಿಕಕ್ಕೆ 10 ಅಂಕ. ನಾನು ಮೊದಲನೆಯದರಲ್ಲೇ, ಶಕಾರನ ಎರಡು ಮಾತಿನ ಮೇಲೇ ಕೂತುಬಿಡುತ್ತೇನೆ.

ಶಕಾರ ನಿಮಗೆ ಗೊತ್ತಿರುವವನೇ. ಪಾಲಕ ರಾಜನ ಭಾವಮೈದ. 'ಸ' ಎನ್ನಬೇಕಾದಲ್ಲೆಲ್ಲ 'ಶ' ಎನ್ನುವವನು. ಕತ್ತಲಲ್ಲಿ ನಾಯಕಿ ವಸಂತಸೇನೆಯನ್ನು ಅಟ್ಟಿಸಿಕೊಂಡು ಬರುತ್ತ, ನೀನು ರಾವಣನ ಕೈಗೆ ಸಿಕ್ಕ ಕುಂತಿಯಾದೆ ಎಂಬರ್ಥದ ಮಾತು ಬಿಡುತ್ತಾನೆ. ಅವಳು ತಪ್ಪಿಸಿಕೊಂಡ ಮೇಲೆ ಇನ್ನೊಂದು: ಹೂಮಾಲೆಯ ವಾಸನೆ ಕೇಳಿಸುತ್ತಿದೆಯಂತೆ, ಆದರೆ ಮೂಗಿನ ತುಂಬ ಕತ್ತಲೆ ತುಂಬಿಕೊಂಡು ಒಡವೆಗಳ ಸದ್ದು ಸರಿಯಾಗಿ ಕಾಣಿಸುತ್ತಿಲ್ಲವಂತೆ!

ನಮಗೆ ಇದನ್ನು ಪಾಠ ಮಾಡಿದ ಮೇಷ್ಟ್ರು ಆ ವಾರವೆಲ್ಲ ಹಾಜರಿಯನ್ನೂ ಶಕಾರನ ಬಾಯಲ್ಲೇ ಕೂಗಿದರು. ಸಕಾರದ ಹೆಸರಿನವರೆಲ್ಲ ಶಕಾರವಾದರು. ಒಬ್ಬನಿಗಂತೂ ಅದು ಮದುವೆಯವರೆಗೂ ಅಂಟಿಕೊಂಡಿತ್ತು. ಎಷ್ಟೋ ವರ್ಷಗಳ ಮೇಲೆ, ಹುಡುಗರ ತಂಡವೊಂದು ಕನ್ನಡದಲ್ಲಿ ಮೃಚ್ಛಕಟಿಕ ಆಡುತ್ತದೆಂದು ಅವರನ್ನು ಕರೆದುಕೊಂಡು ಹೋದೆ. ಕುಂತಿಯ ಮಾತು ಬಂತು. ಇಡೀ ಸಭಾಂಗಣದಲ್ಲಿ ಕೇಳಿದ್ದು ಒಂದೇ ನಗು, ಮೇಷ್ಟ್ರದ್ದು. ಮೂಗಿನ ಕತ್ತಲೆ ಬಂದಾಗ ಎಲ್ಲರೂ ನಕ್ಕರು. ಮುಂದಿನ ಸಾಲಿನ ಮಗುವೊಂದು ತನ್ನ ಮೂಗನ್ನೇ ಹಿಡಿದು ನೋಡಿಕೊಂಡಿತು.

ಮರುದಿನ ನಿರ್ದೇಶಕ ರಾವಣ-ಕುಂತಿಯರನ್ನು ತೆಗೆದು, ಎಂದೂ ಜೋಡಿಯಾಗದ ಇಬ್ಬರು ಸಿನಿಮಾ ತಾರೆಯರನ್ನು ತಂದು ಕೂರಿಸಿದ. ಸಭೆ ಹೋ ಎಂದಿತು. ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: "ಯಾರಯ್ಯ ಆ ಇಬ್ಬರು?"

ನನ್ನ ಜಗಳ ಇಲ್ಲಿಂದ ಶುರು. ನಿರ್ದೇಶಕನ ವಾದವೇನೂ ಹಗುರವಲ್ಲ. ಕೇರಳದ ಕೂಡಿಯಾಟ್ಟಂ ನೋಡಿ ಸ್ವಾಮಿ, ಎಂದ. 2001ರಲ್ಲಿ ಯುನೆಸ್ಕೋ ಮನ್ನಣೆ ಪಡೆದ ಸಂಸ್ಕೃತ ರಂಗಭೂಮಿ ಅದು. ಅಲ್ಲಿ ನಾಯಕ ಸಂಸ್ಕೃತದಲ್ಲಿ ಶ್ಲೋಕ ಹೇಳಿದರೆ ವಿದೂಷಕ ಮಲಯಾಳದಲ್ಲಿ ಬಿಡಿಸುತ್ತಾನೆ, ಅಣಕದ ಪ್ರತಿಶ್ಲೋಕವನ್ನೂ ಹೊಡೆಯುತ್ತಾನೆ. ಕುಲಶೇಖರ ರಾಜನೂ ಅವನ ಗೆಳೆಯ ತೋಲನೂ ತಂದ ಪದ್ಧತಿ ಎಂದು ಹೇಳಿಕೆ. ಧರ್ಮ, ಅರ್ಥ, ಕಾಮ, ಮೋಕ್ಷಗಳನ್ನು ಕೂಡ ಬಿಡದೆ ವಿನೋದ, ವಂಚನೆ, ಊಟ, ರಾಜಸೇವೆ ಎಂದು ಮಾಡಿಟ್ಟಿದ್ದಾರೆ. ಅವರಿಗಿಲ್ಲದ ಮಡಿ ನಿಮಗೇಕೆ?

ಒಪ್ಪಿದೆ. ಆದರೆ ಅಲ್ಲಿ ನಾಯಕನ ಶ್ಲೋಕವನ್ನು ಯಾರೂ ತೆಗೆದು ಹಾಕಿಲ್ಲವಲ್ಲ? ಮೂಲ ಕಿವಿಯಲ್ಲಿರುವಾಗಲೇ ಅಣಕ ಬರುತ್ತದೆ. ನಮ್ಮ ಕೃಷ್ಣ ಪಾರಿಜಾತ ಬಯಲಾಟದ ಹಾಸ್ಯಗಾರನೂ ಹಾಗೆಯೇ: ಕೃಷ್ಣ ಗ್ರಂಥದ ಭಾಷೆಯಲ್ಲಿ ಮಾತಾಡುವಾಗ ಪಕ್ಕದಲ್ಲೇ ನಿಂತು ಮನೆಮಾತಿನಲ್ಲಿ ಎಳೆಯುತ್ತಾನೆ. ಇಬ್ಬರೂ ರಂಗದ ಮೇಲಿರುತ್ತಾರೆ. ಈ ಹುಡುಗ ಮಾಡಿದ್ದು ಬದಲಿ. ಅಷ್ಟೇ ಅಲ್ಲ, ಸಿನಿಮಾದ ಹೆಸರುಗಳನ್ನು ಜೋಡಿಸಿ ನಗಿಸುವವನು ಚೇಷ್ಟೆಗಾರ. ಶಕಾರ ಚೇಷ್ಟೆಗಾರನಲ್ಲ, ತಾನು ಪಂಡಿತನೆಂದೇ ನಂಬಿದವನು. ಅದೇ ಮನುಷ್ಯ ಮುಂದೆ ವಸಂತಸೇನೆಯ ಕತ್ತು ಹಿಸುಕುತ್ತಾನೆ ಎಂಬುದನ್ನು ಮರೆಯಬೇಡಿ.

ಆಗ ನನಗೊಂದು ಉಪಾಯ ಹೊಳೆಯಿತು. ಶಕಾರನ ಜೊತೆ ವಿಟನಿದ್ದಾನೆ, ಓದಿಕೊಂಡವನು, ಸಂಸ್ಕೃತ ಮಾತಾಡುವವನು. ಕುಂತಿ ಇರಲಿ, ಆ ಮಾತಿಗೆ ವಿಟ ಹಣೆ ಚಚ್ಚಿಕೊಳ್ಳಲಿ, ಎಂದೆ. ಮುಂದಿನ ಪ್ರಯೋಗದಲ್ಲಿ ಹುಡುಗ ಹಾಗೇ ಮಾಡಿಸಿದ. ಸುಮಾರು ಅರ್ಧ ಸಭೆ ನಕ್ಕಿತು. ನಾನು ಗೆದ್ದೆನೆಂದು ಬೀಗಿದೆ.

ಮನೆಗೆ ಬರುವ ದಾರಿಯಲ್ಲಿ ಆ ಬೀಗು ಇಳಿಯಿತು. ಅವರು ನಕ್ಕಿದ್ದು ಕುಂತಿಗೋ, ವಿಟನ ಹಣೆಗೋ? ಶಕಾರ ಸರಿಯಾಗಿ ಸೀತೆ ಎಂದೇ ಹೇಳಿ, ವಿಟ ಆಗಲೂ ಹಣೆ ಚಚ್ಚಿಕೊಂಡಿದ್ದರೆ ಅವರು ಅಷ್ಟೇ ನಗುತ್ತಿದ್ದರೇ? ಆ ಹುಡುಗನನ್ನು ಒಮ್ಮೆ ಹಾಗೂ ಮಾಡಿಸಿ ನೋಡಪ್ಪಾ ಎಂದು ಕೇಳಬಹುದಿತ್ತು. ಇನ್ನೂ ಕೇಳಿಲ್ಲ.