ಕಲ್ಲಿನೊಳಗಿನ ಕಾಕಂಬಿ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಈ 25 ವರ್ಷಗಳಲ್ಲಿ ಸಂಘದ ಸಾಲದಿಂದ ಎಷ್ಟೋ ಹೊಲಗಳಲ್ಲಿ ಬೋರು ಬಿದ್ದಿವೆ. ಬೋರು ಹಾಕಿಸಿದಾಗ ನಾವು ಕೇಳೋದು ಒಂದೇ ಮಾತು: “ಎಷ್ಟು ಇಂಚು ನೀರು ಬಿತ್ತು?” ಎಂಥಾ ಕಲ್ಲಿನಿಂದ ಬಂತು ಅಂತ ಯಾರೂ ಕೇಳೋದಿಲ್ಲ. ಇಂದು ಅದನ್ನು ವಿಚಾರ ಮಾಡೋಣ.

ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಎರೆಮಣ್ಣಿನ ಕೆಳಗೆ ಬಹಳ ಕಡೆ ಲಾವಾರಸ ಆರಿ ಆದ ಕರಿಕಲ್ಲು. ಮುಧೋಳ, ಬೀಳಗಿ ಕಡೆ ಸುಣ್ಣದಕಲ್ಲು, ಬೆಣಚುಕಲ್ಲಿನ ಗುಡ್ಡ. ಇವೆಲ್ಲಕ್ಕೂ ಅಡಿಪಾಯ ಇನ್ನೂ ಹಳೆಯ ಗ್ರಾನೈಟ್ ಜಾತಿಯ ಕಲ್ಲು. ಅದನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಜಿಲ್ಲೆಯ ಇಲಕಲ್ಲಿಗೆ ಹೋಗಬೇಕು. ರಾಮನಗರದಿಂದ ಉತ್ತರಕ್ಕೆ ಚಾಚಿದ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು.

ಗ್ರಾನೈಟ್ ಹುಟ್ಟಿದ ರೀತಿ ಸಕ್ಕರೆ ಕಾರ್ಖಾನೆ ಕಂಡ ನಮಗೆ ಹೊಸದಲ್ಲ. ಪಾಕದಲ್ಲಿ ಸಕ್ಕರೆ ಹರಳು ಕಟ್ಟುತ್ತದೆ. ಹರಳಿಗೆ ಬೇಡವಾದ ಉಪ್ಪು, ಕಸರು ಎಲ್ಲಾ ಕಾಕಂಬಿಯಲ್ಲಿ ಉಳಿಯುತ್ತವೆ. ಭೂಮಿಯೊಳಗೂ ಹಾಗೇ. ಕರಗಿದ ಕಲ್ಲು ಆರುತ್ತಾ ಹರಳು ಕಟ್ಟಿದಂತೆ, ಹರಳುಗಳಿಗೆ ಬೇಡವಾದ ನೀರು, ಫ್ಲೋರಿನ್, ಬೋರಾನ್ ಕೊನೆಯ ಬಿಸಿ ರಸದಲ್ಲಿ ಕೂಡುತ್ತವೆ. ಆ ರಸ ಸುಮ್ಮನೆ ಕೂಡುವುದಿಲ್ಲ. ನೀರು ತಗುಲಿದ ಬೆಲ್ಲದ ಪೆಂಟಿ ಮೆತ್ತಗಾದಂತೆ, ಮೊದಲೇ ಗಟ್ಟಿಯಾದ ಹರಳುಗಳನ್ನು ತಿರುಗಿ ತಿನ್ನುತ್ತದೆ. ಫೆಲ್ಡ್‌ಸ್ಪಾರ್ ಬಿಳಿ ಅಭ್ರಕವಾಗಿ, ಜೇಡಿಯಾಗಿ ಮಾರ್ಪಡುತ್ತದೆ. ಕರಿ ಅಭ್ರಕ ಹಸಿರು ಕ್ಲೋರೈಟ್ ಆಗುತ್ತದೆ. ಗ್ರಾನೈಟಿನ ಕೆಂಪು ಬಣ್ಣಕ್ಕೂ ಬಹಳ ಕಡೆ ಈ ರಸ ಬಿಟ್ಟುಹೋದ ಕಬ್ಬಿಣದ ಸಣ್ಣ ಧೂಳೇ ಕಾರಣ.

ಫ್ಲೋರಿನ್ ಮಾತ್ರ ಅಭ್ರಕದಲ್ಲಿ, ಅಪಟೈಟಿನಲ್ಲಿ, ಬಿರುಕುಗಳ ಫ್ಲೋರೈಟಿನಲ್ಲಿ ಕುಳಿತುಬಿಟ್ಟಿದೆ. ಅದೇ ಬಿರುಕಿನಲ್ಲೇ ಇಂದು ನಮ್ಮ ಬೋರಿನ ನೀರು ನಿಂತಿರೋದು. ವರ್ಷಗಟ್ಟಲೆ ನಿಂತ ನೀರು, ಅದರಲ್ಲೂ ಸುಣ್ಣದ ಅಂಶ ಕಡಿಮೆ ಇರುವ ನೀರು, ಫ್ಲೋರೈಡನ್ನು ಹೆಚ್ಚು ಕರಗಿಸಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲು ಕಂದಾದ ಮೇಲೆ, ದೊಡ್ಡವರ ಸಂದು ಬಿಗಿದ ಮೇಲೆ ಗೊತ್ತಾಗುತ್ತದೆ. ಆಗ ಹೊತ್ತು ಮೀರಿರುತ್ತದೆ. ಕುದಿಸಿದರೂ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೇ ಇರಬೇಕು. ಬೇರೆ ನೀರೇ ಇಲ್ಲದಾಗಲೂ 1.5 ಮೀರಬಾರದು.

ಆದ್ದರಿಂದ ನಮ್ಮದೊಂದು ವಿನಂತಿ. ಬೋರಿನ ಸಾಲ ಕೊಡುವಾಗ ನೀರು ಪರೀಕ್ಷೆಯ ಖರ್ಚನ್ನೂ ಸಂಘ ಸೇರಿಸಿ ಕೊಡಲಿ. ಸಾಲ ತೀರುತ್ತದೆ, ಹೊಸ ಬೋರೂ ಹಾಕಿಸಬಹುದು. ಬಾಗಿದ ಎಲುಬು ನೆಟ್ಟಗಾಗುವುದಿಲ್ಲ.