ಒಂದು ದಾರಿ ಸಾಲದಾದಾಗ: ಜೋಡಿ ಕ್ರೊಮ್ಯಾಟೋಗ್ರಫಿ ಬೆಳೆದು ಬಂದ ಬಗೆ

ಬೆರೆತ ರಾಸಾಯನಿಕಗಳನ್ನು ಒಂದೊಂದಾಗಿ ಬಿಡಿಸುವ ವಿಧಾನವೇ ಕ್ರೊಮ್ಯಾಟೋಗ್ರಫಿ. 20ನೇ ಶತಮಾನದ ಮೊದಲ ದಶಕದಲ್ಲಿ ವಾರ್ಸಾದಲ್ಲಿದ್ದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್, ಎಲೆಗಳ ಬಣ್ಣದ ದ್ರಾವಣವನ್ನು ಪುಡಿ ತುಂಬಿದ ಗಾಜಿನ ನಳಿಕೆಯಲ್ಲಿ ಇಳಿಸಿದ. ಹಸಿರು, ಹಳದಿ ಪಟ್ಟಿಗಳು ಬೇರೆಬೇರೆಯಾಗಿ ಮೂಡಿದವು.

ಆದರೆ ಒಂದೇ ವೇಗದಲ್ಲಿ ಸಾಗುವ ಎರಡು ವಸ್ತುಗಳು ನಳಿಕೆಯಿಂದ ಒಟ್ಟಿಗೇ ಹೊರಬರುತ್ತವೆ. ನಳಿಕೆಯ ಉದ್ದ ಇಮ್ಮಡಿಸಿದರೂ ಬೇರ್ಪಡಿಕೆ ಸುಮಾರು 1.4 ಪಟ್ಟು ಮಾತ್ರ ಸುಧಾರಿಸುತ್ತದೆ. ಪರಿಹಾರಕ್ಕೆ ಒಂದು ಹೋಲಿಕೆ ನೋಡಿ: ಹುಮನಾಬಾದ್, ಬಸವಕಲ್ಯಾಣದ ಕಡೆ ತೊಗರಿಯನ್ನು ಮೊರದಲ್ಲಿ ಕೇರಿದರೆ ಹೊಟ್ಟು ಹಾರುತ್ತದೆ, ಸಾಣಿಗೆಯಲ್ಲಿ ಹಿಡಿದರೆ ನುಚ್ಚು ಉದುರುತ್ತದೆ; ಒಂದು ತೂಕ ನೋಡುತ್ತದೆ, ಇನ್ನೊಂದು ಗಾತ್ರ. ಕ್ರೊಮ್ಯಾಟೋಗ್ರಫಿಯಲ್ಲೂ ಎರಡನೆಯ ಹಂತದ ಗುಣ ಮೊದಲಿನದಕ್ಕಿಂತ ಬೇರೆಯಾಗಿರಬೇಕು.

1944ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ಇಂಥ ಎರಡು ಹಂತದ ಬೇರ್ಪಡಿಕೆಯನ್ನು ಕಾಗದದ ಮೇಲೆ ಮಾಡಿ ತೋರಿಸಿದರು. ಮೂಲೆಯಲ್ಲಿ ಅಮೈನೋ ಆಮ್ಲಗಳ ಒಂದು ಹನಿ. ಒಂದು ದ್ರಾವಕ ಅವನ್ನು ಒಂದು ದಿಕ್ಕಿಗೆ ಹರಡುತ್ತದೆ. ಕಾಗದ ಒಣಗಿಸಿ, ಅಡ್ಡ ತಿರುಗಿಸಿ, ಬೇರೊಂದು ದ್ರಾವಕ ಹರಿಸಿದರೆ ಸಾಲು ಹೋಗಿ ನಕ್ಷೆಯಾಗುತ್ತದೆ. ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಸಿಂಪಡಿಸಿ ಬಿಸಿ ಮಾಡಿದಾಗ ನೇರಳೆ ಚುಕ್ಕೆಗಳು ಮೂಡುತ್ತವೆ.

ಕಾಗದದ ಈ ವಿದ್ಯೆ ಬೆಂಗಳೂರಿನಲ್ಲೂ ಬೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ವಿ. ಗಿರಿ ಮತ್ತು ಸಹೋದ್ಯೋಗಿಗಳು 1950ರ ದಶಕದ ಆರಂಭದಲ್ಲಿ ದುಂಡು ಕಾಗದದ ಕ್ರೊಮ್ಯಾಟೋಗ್ರಫಿಯನ್ನು ರೂಢಿಗೆ ತಂದರು. ದ್ರಾವಕ ನಡುವಿನಿಂದ ಸುತ್ತ ಹರಡುತ್ತ ಹೋದಂತೆ ಅಮೈನೋ ಆಮ್ಲಗಳು ಚುಕ್ಕೆಯ ಬದಲು ತೆಳುವಾದ ಕಮಾನುಗಳಾಗಿ ನಿಲ್ಲುತ್ತಿದ್ದವು.

1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್, ಮಿಶ್ರಣವನ್ನು ಅನಿಲವೇ ನಳಿಕೆಯಲ್ಲಿ ಹೊತ್ತೊಯ್ಯುವ ಅನಿಲ-ದ್ರವ ಕ್ರೊಮ್ಯಾಟೋಗ್ರಫಿಯನ್ನು ಪ್ರಕಟಿಸಿದರು. ಮುಂದೆ ಇದರಲ್ಲೂ ಎರಡು ನಳಿಕೆ ಜೋಡಿಸಿ, ಮೊದಲ ನಳಿಕೆಯಿಂದ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಎರಡನೆಯದಕ್ಕೆ ಕಳಿಸುವ ವಿಧಾನ ಬಂತು. 1968ರಲ್ಲಿ ಡೀನ್ಸ್, ಬಿಸಿ ಅನಿಲ ಸಾಗುವ ಹಾದಿಯಲ್ಲಿ ಕವಾಟವಿಲ್ಲದೆ ಅನಿಲದ ಒತ್ತಡದಿಂದಲೇ ಹರಿವನ್ನು ತಿರುಗಿಸುವ ಉಪಾಯ ಕೊಟ್ಟ.

1991ರಲ್ಲಿ ಅಮೆರಿಕದ ಲಿಯು ಮತ್ತು ಫಿಲಿಪ್ಸ್ ಒಂದು ಭಾಗವನ್ನಲ್ಲ, ಇಡೀ ಮಿಶ್ರಣವನ್ನೇ ಎರಡು ನಳಿಕೆಗಳಲ್ಲಿ ಹಾಯಿಸಿದರು. ಮೊದಲನೆಯದು ಉದ್ದ, ಅಲ್ಲಿ ಮುಖ್ಯವಾಗಿ ಕುದಿಬಿಂದುವಿನ ಪ್ರಕಾರ ವಿಂಗಡಣೆ. ಎರಡನೆಯದು ಗಿಡ್ಡ, ಅಲ್ಲಿ ಧ್ರುವೀಯತೆಯ ಪ್ರಕಾರ. ಇವೆರಡರ ನಡುವಿನ ಮಾಡ್ಯುಲೇಟರ್ ಕೆಲವೇ ಸೆಕೆಂಡಿಗೊಮ್ಮೆ ಮೊದಲಿನಿಂದ ಬಂದದ್ದನ್ನು ಹಿಡಿದಿಟ್ಟು ಮುಂದಕ್ಕೆ ಬಿಡುತ್ತದೆ. ಎರಡರ ಗುಣ ನಿಜವಾಗಿ ಬೇರೆಯಾಗಿದ್ದರೆ ಬೇರ್ಪಡಿಸುವ ಶಕ್ತಿ ಕೂಡುವುದಿಲ್ಲ, ಗುಣಿಸುತ್ತದೆ.

ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ಶ್ರೀಗಂಧದ ಎಣ್ಣೆ. ಮೈಸೂರು ಸಂಸ್ಥಾನದಲ್ಲಿ 1916ರಿಂದ ಇದರ ಉತ್ಪಾದನೆ ನಡೆದಿದೆ. ಹಿಂದೆ ಅದರ ಮುಖ್ಯ ಪರಿಮಳದ ಆಲ್ಕೋಹಾಲ್ ಆದ ಸ್ಯಾಂಟಲಾಲ್ ಒಟ್ಟು ಶೇ. 90ರಷ್ಟಿದ್ದರೆ ಎಣ್ಣೆ ಶುದ್ಧವೆನ್ನುತ್ತಿದ್ದರು. ಆದರೆ ಆ ಪರೀಕ್ಷೆ ಬೇರೆ ಆಲ್ಕೋಹಾಲನ್ನೂ ಸ್ಯಾಂಟಲಾಲ್ ಎಂದೇ ಎಣಿಸುತ್ತಿತ್ತು. 2002ರ ಅಂತರರಾಷ್ಟ್ರೀಯ ಮಾನಕ ಆಲ್ಫಾ-ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ-ಸ್ಯಾಂಟಲಾಲ್ ಶೇ. 16ರಿಂದ 24 ಎಂದು ಬಿಡಿಬಿಡಿಯಾಗಿ ಹೇಳುತ್ತದೆ. ಇಂಥ ಎಣ್ಣೆಯಲ್ಲಿ ಒಂದರ ಮೇಲೊಂದು ಬೀಳುವ ಘಟಕಗಳನ್ನು ಜೋಡಿ ನಳಿಕೆ ಬಿಡಿಸಿ ಕೊಡುತ್ತದೆ.

ದ್ರವ ಕ್ರೊಮ್ಯಾಟೋಗ್ರಫಿಯಲ್ಲಿ 1990ರಲ್ಲಿ ಬುಶೀ ಮತ್ತು ಜಾರ್ಗನ್‌ಸನ್ ಪ್ರೋಟೀನುಗಳಿಗೆ, ಇಡೀ ಮಿಶ್ರಣವನ್ನು ಎರಡು ನಳಿಕೆಗಳಲ್ಲಿ ಹಾಯಿಸುವ ಇದೇ ಕ್ರಮ ಹಿಡಿದಿದ್ದರು. ಮುಖ್ಯ ಔಷಧದ ನೆರಳಲ್ಲಿ ಅಡಗುವ ಕಲ್ಮಶವನ್ನು ಪತ್ತೆಹಚ್ಚಲು ಔಷಧ ಉದ್ಯಮ ಇಂದು ಇದನ್ನು ಬಳಸುತ್ತದೆ. ಉಪಕರಣ ದುಬಾರಿ, ಫಲಿತಾಂಶ ಓದಲು ನುರಿತ ಕಣ್ಣು ಬೇಕು. ಹಾಗಾಗಿ ದಿನನಿತ್ಯದ ಪರೀಕ್ಷೆಗೆ ಇಂದಿಗೂ ಒಂಟಿ ನಳಿಕೆಯೇ ಸಾಕಾಗುತ್ತದೆ, ಜಟಿಲ ಮಿಶ್ರಣಕ್ಕೆ ಮಾತ್ರ ಜೋಡಿ.